ಕ್ಲಿನಿಕಲ್ ಅಂತ ಬೋರ್ಡ್ ಹಾಕಿಸಿಕೊಳ್ಳಬಹುದಾ? ಕೌನ್ಸೆಲಿಂಗ್ ಸೈಕಾಲಜಿಸ್ಟ್ ಕೆಲಸದ ಗಡಿ ಎಲ್ಲಿ?

ಸಪ್ತಾಪುರ_ಹುಡುಗಿ:
ನಮಸ್ಕಾರ ಎಲ್ಲರಿಗೂ. ಧಾರವಾಡದಲ್ಲಿ ಎಂ.ಎಸ್ಸಿ. ಸೈಕಾಲಜಿ ಮುಗಿಸಿದ್ದೇನೆ, ಓದಿದ್ದು ಕೌನ್ಸೆಲಿಂಗ್. ಈಗ ಎರಡು ಕಡೆ ಕೆಲಸಕ್ಕೆ ಕರೆದಿದ್ದಾರೆ. ಒಂದು ಗದಗಿನ ಶಾಲೆ. ಅಲ್ಲಿ ಯಾವ ಟೀಚರ್ ರಜೆ ಹಾಕಿದರೂ ಆ ಪೀರಿಯಡ್ ನಾನೇ ತಗೋಬೇಕು, ಜೊತೆಗೆ ಯಾವ ಮಗು ನನ್ನ ಹತ್ರ ಏನು ಹೇಳಿತು ಅಂತ ವಾರಕ್ಕೊಮ್ಮೆ ಪ್ರಿನ್ಸಿಪಾಲರಿಗೆ ಬರೆದು ಕೊಡಬೇಕಂತೆ. ಇನ್ನೊಂದು ಹುಬ್ಬಳ್ಳಿಯ ಕ್ಲಿನಿಕ್. ಅವರು ಬೋರ್ಡ್ ಮೇಲೆ ನನ್ನ ಹೆಸರಿನ ಕೆಳಗೆ "ಕ್ಲಿನಿಕಲ್ ಸೈಕಾಲಜಿಸ್ಟ್" ಅಂತ ಬರೆಸ್ತಾರಂತೆ, ಜನ ಅದನ್ನೇ ನಂಬೋದು ಅಂತಾರೆ. ಮನೆಯಲ್ಲಿ ಅಪ್ಪ, "ಗುಳಿಗಿ ಬರೆಯಾಕ ಬರಂಗಿಲ್ಲ ಅಂದಮ್ಯಾಲ ಎಂಥಾ ಡಾಕ್ಟರ್ ನೀ?" ಅಂತ ಕೇಳ್ತಾರೆ. ನನಗೂ ಸರಿಯಾಗಿ ಉತ್ತರ ಕೊಡೋಕೆ ಬರ್ತಿಲ್ಲ. ಅನುಭವ ಇದ್ದವರು ಹೇಳಿ.

ಹುಬ್ಬಳ್ಳಿ_ಕ್ಲಿನಿಕಲ್:
ಆ ಬೋರ್ಡ್‌ಗೆ ಒಪ್ಪಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳೋಕೆ ಕೇಂದ್ರ ಸರ್ಕಾರದ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಅದರ ಕಾನೂನು 1992ರದ್ದು. ಅದಕ್ಕೆ ಆ ಕೌನ್ಸಿಲ್ ಒಪ್ಪಿದ ಕೋರ್ಸನ್ನೇ ಮಾಡಿರಬೇಕು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ತರಬೇತಿ ಆಗಿರಬೇಕು. ಬರೀ ಎಂ.ಎಸ್ಸಿ. ಸಾಲದು. ನಾಳೆ ಏನಾದರೂ ಎಡವಟ್ಟಾದರೆ ಕ್ಲಿನಿಕ್‌ನವರು ಕೈ ತೊಳೆದುಕೊಳ್ಳುತ್ತಾರೆ, ಹೆಸರು ಮಾತ್ರ ನಿಮ್ಮದೇ ಇರುತ್ತೆ. ಉಳಿದ ಸೈಕಾಲಜಿಸ್ಟ್‌ಗಳನ್ನು 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ (ಡಾಕ್ಟರ್, ನರ್ಸ್ ಅಲ್ಲದ ಆರೋಗ್ಯ ವೃತ್ತಿಯವರದ್ದು) ಸೇರಿಸಿದ್ದಾರೆ. ಹಾಗಾಗಿ ಅದರ ರಾಜ್ಯ ಕೌನ್ಸಿಲ್ ನೋಂದಣಿ ಮೇಲೆ ಒಂದು ಕಣ್ಣಿಟ್ಟಿರಿ.

ಆದರೆ ನಿಮ್ಮದು ಕಡಿಮೆ ಕೆಲಸ ಅಂತ ಮಾತ್ರ ತಿಳಿಯಬೇಡಿ. ನಮ್ಮ ಕಡೆ ಡಿಮ್ಹಾನ್ಸ್ (ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ) ಗೇಟಿನೊಳಗೆ ಯಾರಾದರೂ ನೋಡಿಬಿಟ್ಟರೆ ಅಂತ ಇವತ್ತಿಗೂ ಜನ ಹೆದರುತ್ತಾರೆ. 1845ರಿಂದ ಅದು ಹುಚ್ಚಾಸ್ಪತ್ರೆ ಅಂತಲೇ ಹೆಸರಾದ ಜಾಗ, ಈಗ ಅಲ್ಲಿ ಎಷ್ಟು ಒಳ್ಳೆ ಚಿಕಿತ್ಸೆ ಸಿಕ್ಕರೂ ಆ ಹೆದರಿಕೆ ಪೂರ್ತಿ ಹೋಗಿಲ್ಲ. ಅಂಥವರು ಮೊದಲು ಬರೋದು ನಿಮ್ಮಂಥವರ ಹತ್ರ. ಗಂಡ ಹೆಂಡತಿ ಜಗಳ, ಸಾಲದ ಚಿಂತೆ, ರಿಸಲ್ಟ್ ಭಯ ಇವೆಲ್ಲ ಪೂರ್ತಿ ನಿಮ್ಮ ಕೆಲಸ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ, ರಾತ್ರಿಗಳ ಮೇಲೆ ರಾತ್ರಿ ನಿದ್ದೆ ಇಲ್ಲ, ಸಾಯೋ ಮಾತು ಬರ್ತಿದೆ ಅಂದರೆ ತಡ ಮಾಡದೆ ಸೈಕಿಯಾಟ್ರಿಸ್ಟ್ ಹತ್ರ, ಅಂದರೆ ಮಾತ್ರೆ ಬರೆಯೋ ಮನೋವೈದ್ಯರ ಹತ್ರ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಗೋಡೆ ಮೇಲೇ ಬರೆದಿಡಿ.

ಶಾಲೆ_ಅಕ್ಕ:
ನಾನು ಶಾಲೆಯಲ್ಲೇ ಕೌನ್ಸೆಲರ್. ಆ ವಾರದ ವರದಿ ಇದೆಯಲ್ಲ, ಅದಕ್ಕೆ ಒಪ್ಪಿಕೊಂಡ ದಿನವೇ ನಿಮ್ಮ ಕೆಲಸ ಮುಗೀತು. ವಿವರ ಬದಲಿಸಿ ಹೇಳ್ತೀನಿ: ಒಬ್ಬ ಹುಡುಗ ಬಂದು ಪೂರ್ತಿ ಹೊತ್ತು ನನ್ನ ಪೆನ್ನಿನ ಕ್ಯಾಪ್ ತೆಗೆಯೋದು ಹಾಕೋದು ಮಾಡ್ತಾ ಸುಮ್ನೆ ಕೂತಿದ್ದ. ಎದ್ದು ಹೋಗುವಾಗ ಬಾಗಿಲ ಹತ್ರ ನಿಂತು, "ಇದನ್ನ ಸರ್‌ಗೆ ಹೇಳ್ತೀರೇನ್ರೀ?" ಅಂದ. ಇನ್ನೂ ಒಂದು ಮಾತೂ ಹೇಳಿರಲಿಲ್ಲ ಅವನು! ನಾನು ಹೇಳಲ್ಲ ಅಂದೆ. ಮಾತು ಶುರುವಾಗಿದ್ದು ಮರುದಿನ.

ಎಲ್ಲವನ್ನೂ ಮುಚ್ಚಿಡ್ತೀನಿ ಅಂತಲೂ ಮಾತು ಕೊಡಬಾರದು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಜೀವಕ್ಕೆ ಅಪಾಯ ಇದ್ದರೂ ಮನೆಯವರಿಗೆ ಹೇಳಬೇಕು. ಇದನ್ನ ಮಗುವಿಗೆ ಮೊದಲೇ ಹೇಳಿಬಿಡಿ. ಪ್ರಿನ್ಸಿಪಾಲರಿಗೆ ತಿಂಗಳಿಗೆ ಎಷ್ಟು ಮಕ್ಕಳು ಬಂದರು ಅನ್ನೋ ಲೆಕ್ಕ ಕೊಡಿ, ಹೆಸರು ಬೇಡ. ಇನ್ನು ಪೀರಿಯಡ್ ವಿಷಯ. ಬೆಳಿಗ್ಗೆ ಹೋಂವರ್ಕ್ ತರಲಿಲ್ಲ ಅಂತ ಬೈದ ಟೀಚರ್ ಮುಂದೆ ಮಧ್ಯಾಹ್ನ ಯಾವ ಮಗು ಅಳುತ್ತೆ ಹೇಳಿ? ಇದನ್ನ ಅವರಿಗೆ ಬಿಡಿಸಿ ಹೇಳಿದರೆ ಎಷ್ಟೋ ಕಡೆ ಕೇಳ್ತಾರೆ.

ಹಾವೇರಿ_ಹುಡುಗ:
ನಾನು ಈ ಫೀಲ್ಡ್‌ನವನಲ್ಲ. ಧಾರವಾಡದಲ್ಲಿ ಪಿಜಿಯಲ್ಲಿದ್ದು ಪಿಎಸ್‌ಐ, ಎಫ್‌ಡಿಎ ಅಂತ ವರ್ಷಗಟ್ಟಲೆ ಓದಿದವನು. ಪ್ರತಿ ಸಲ ಲಿಸ್ಟ್ ಬಂದಾಗ ಊರಿಂದ ಫೋನ್ ಬರುತ್ತೆ ಅಂತ ಸ್ವಿಚ್ ಆಫ್ ಮಾಡಿ ಮಲಗ್ತಿದ್ದೆ. ಒಬ್ಬರು ಕೌನ್ಸೆಲರ್ ಹತ್ರ ಹೋದೆ. ಓದು ಅಂತಾರೋ ಊರಿಗೆ ಹೋಗು ಅಂತಾರೋ ಅಂತ ಕಾಯ್ತಿದ್ದೆ, ಅವರು ಎರಡೂ ಹೇಳಲಿಲ್ಲ. ಈ ನೌಕರಿ ಯಾರಿಗೆ ಬೇಕಾಗಿದೆ, ನಿನಗೋ ಮನೆಯವರಿಗೋ ಅಂತ ಕೇಳಿದರು. ಅದಕ್ಕೆ ಉತ್ತರ ಕೊಡೋಕೆ ನನಗೆ ಎಷ್ಟೋ ವಾರ ಬೇಕಾಯ್ತು. ನಿದ್ದೆ ಪೂರ್ತಿ ಕೆಟ್ಟಾಗ ಡಾಕ್ಟರ್ ಹತ್ರ ಕಳಿಸಿದರು, ಆದರೆ ನನ್ನನ್ನ ಅಲ್ಲಿಗೇ ಬಿಡಲಿಲ್ಲ. ಮಾತ್ರೆ ನಡೀತಿರುವಾಗಲೂ ವಾರ ವಾರ ಅವರ ಹತ್ರ ಹೋಗ್ತಿದ್ದೆ. ನಿಮ್ಮ ಅಪ್ಪನಿಗೆ ಇದನ್ನ ಹೇಳಿ ಮೇಡಂ, ಗುಳಿಗೆಯಿಂದ ನಿದ್ದೆ ಬಂತು. ಊರಿಗೆ ಫೋನ್ ಮಾಡಿ ಅಪ್ಪನ ಹತ್ರ ಮಾತಾಡೋ ಧೈರ್ಯ ಬಂದಿದ್ದು ಆ ರೂಮಿನಲ್ಲಿ.

ಹುಬ್ಬಳ್ಳಿ_ಕ್ಲಿನಿಕಲ್:
@ಹಾವೇರಿ_ಹುಡುಗ, ಬರೆದಿದ್ದು ಬಹಳ ಒಳ್ಳೇದಾಯ್ತು. ಕೌನ್ಸೆಲಿಂಗ್ ಸೈಕಾಲಜಿಯ ಬೇರು ಇರೋದೇ ಇಂಥದರಲ್ಲಿ. 1908ರಲ್ಲಿ ಬಾಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಒಂದು ಕಚೇರಿ ತೆರೆದರು, ಹುಡುಗರಿಗೆ ತಮಗೆ ಒಗ್ಗುವ ಉದ್ಯೋಗ ಆರಿಸಿಕೊಳ್ಳೋಕೆ ನೆರವಾಗಲಿ ಅಂತ. ಧಾರವಾಡಕ್ಕೆ ಅಂಥವರು ಎಷ್ಟು ಜನ ಇದ್ದರೂ ಸಾಲದು ಅನ್ನಿಸುತ್ತೆ.

ಸಪ್ತಾಪುರ_ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್. ಕ್ಲಿನಿಕ್‌ಗೆ ಫೋನ್ ಮಾಡಿ "ಕೌನ್ಸೆಲಿಂಗ್ ಸೈಕಾಲಜಿಸ್ಟ್" ಅಂತಲೇ ಬರೆಸಿದರೆ ಬರ್ತೀನಿ ಅಂದೆ, ಯೋಚನೆ ಮಾಡ್ತೀವಿ ಅಂದರು. ಶಾಲೆಗೆ ವರದಿ, ಪೀರಿಯಡ್ ಎರಡರ ಬಗ್ಗೆಯೂ ಪತ್ರ ಬರೀತಿದ್ದೀನಿ. ಇನ್ನೊಂದು ಕೇಳಬೇಕಿತ್ತು. ಕಷ್ಟದ ಕೇಸ್ ಬಂದಾಗ ಕೂತು ಚರ್ಚೆ ಮಾಡೋಕೆ, ಸೂಪರ್‌ವಿಷನ್‌ಗೆ, ಈ ಕಡೆ ಹಿರಿಯರು ಯಾರಾದರೂ ಸಿಗ್ತಾರಾ?

ಶಾಲೆ_ಅಕ್ಕ:
ನಾವು ಕೆಲವರು ಶನಿವಾರ ಹುಬ್ಬಳ್ಳಿಯಲ್ಲಿ ಸೇರ್ತೀವಿ. ಮೆಸೇಜ್ ಮಾಡಿ.