ಪ್ರಾರ್ಥನೆ ಒಣಗಿದೆ. ಯೇಸುವಿನ ಮೇಲಿನ ಮೊದಲಿನ ಪ್ರೀತಿ ನಿಮಗೆ ಮತ್ತೆ ಹೇಗೆ ಬಂತು?

ಬೀದರ್‌ನವಳು, ಈಗ ಬೆಂಗಳೂರಲ್ಲಿ ನರ್ಸ್:

ಕರ್ತನ ಹೆಸರಿನಲ್ಲಿ ಎಲ್ಲರಿಗೂ ವಂದನೆ. ನಮ್ಮದು ಮೆಥೋಡಿಸ್ಟ್ ಸಭೆಗೆ ಸೇರಿದ ಕ್ರೈಸ್ತ ಕುಟುಂಬ. ಚಿಕ್ಕವಳಿದ್ದಾಗ ನವೆಂಬರ್ ಬಂತೆಂದರೆ ಅಪ್ಪ ಅವ್ವನ ಜೊತೆ ತೆಲಂಗಾಣದ ಧಾರೂರು ಕ್ರೈಸ್ತ ಜಾತ್ರೆಗೆ ಹೋಗುತ್ತಿದ್ದೆ. ರಾತ್ರಿ ಹಾಡು ಕೇಳುತ್ತಾ ಮಲಗಿದರೆ ಯೇಸು ನನ್ನ ಪಕ್ಕದಲ್ಲೇ ಕೂತಿದ್ದಾನೆ ಅನ್ನಿಸುತ್ತಿತ್ತು. ಆತನ ಹೆಸರು ಹೇಳಿದರೆ ಸಾಕು, ಕಣ್ಣು ತುಂಬುತ್ತಿತ್ತು. ಈಗ ಎರಡು ವರ್ಷದಿಂದ ಬಾಯಿ ಮಾತ್ರ ಪ್ರಾರ್ಥನೆ ಹೇಳುತ್ತದೆ, ಒಳಗೆ ಏನೂ ಇಲ್ಲ. ಆತನಿಗೆ ನನ್ನ ಮೇಲೆ ಬೇಸರವಾಗಿದೆಯಾ? ಜಾಸ್ತಿ ಪ್ರಾರ್ಥನೆ ಮಾಡು, ಉಪವಾಸ ಮಾಡು ಅಂತ ತುಂಬಾ ಜನ ಹೇಳಿದರು. ಅದನ್ನೂ ಮಾಡಿದೆ. ಇಂಥದ್ದನ್ನು ದಾಟಿ ಬಂದವರಿದ್ದರೆ ನಿಮ್ಮ ಅನುಭವ ಹೇಳಿ.

ಉಡುಪಿ ಕಡೆಯ ನಿವೃತ್ತ ಟೀಚರ್:

ಮಗಳೇ, ಆತನಿಗೆ ಬೇಸರವಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಅದೇ ಭಯದಲ್ಲಿ ನಾನು ಮೂರು ವರ್ಷ ಕಳೆದಿದ್ದೇನೆ. ನಮ್ಮವರು ತೀರಿಕೊಂಡ ಮೇಲೆ ಸತ್ಯವೇದ (ಬೈಬಲ್) ತೆರೆದರೆ ಬರೀ ಅಕ್ಷರ ಕಾಣುತ್ತಿತ್ತು. ಸಭೆಯಲ್ಲಿ ಎಲ್ಲರೂ ಸ್ತುತಿ ಹಾಡುವಾಗ ನನಗೆ ಗಂಟಲು ಕಟ್ಟುತ್ತಿತ್ತು. ಹಾಡಿದರೆ ಸುಳ್ಳು ಹೇಳಿದ ಹಾಗಾಗುತ್ತದೆ ಅನ್ನಿಸಿ ಸುಮ್ನೆ ನಿಂತಿರುತ್ತಿದ್ದೆ.

ಆಗ ನಮ್ಮ ಸಭಾಪಾಲಕರು ಒಂದೇ ಮಾತು ಹೇಳಿದರು. ಸತ್ಯವೇದದ 88ನೇ ಕೀರ್ತನೆಯನ್ನು ಜೋರಾಗಿ ಓದಿ ಅಂತ. ಓದಿದೆ. ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಯ ಹೊತ್ತಿಗೆ ಹೇಗಾದರೂ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೆ ಶುರುವಾಗುವುದು ದೇವರನ್ನು ರಕ್ಷಕ ಅಂತ ಕರೆದು. ರಕ್ಷಕ ಅಂತ ಕರೆದು, ನನ್ನಿಂದ ಯಾಕೆ ಮುಖ ಮರೆಸಿಕೊಂಡೆ ಅಂತ ಕೇಳುವುದು. ಇದನ್ನೂ ಪ್ರಾರ್ಥನೆ ಅಂತಲೇ ಉಳಿಸಿಕೊಂಡಿದ್ದಾರಲ್ಲ! ಅವತ್ತಿನಿಂದ ಒಳ್ಳೊಳ್ಳೆಯ ಮಾತು ಹುಡುಕುವುದನ್ನು ಬಿಟ್ಟೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತು, ಯೇಸುವೇ, ನಿನ್ನ ಮೇಲೆ ನನಗೆ ಕೋಪ ಇದೆ ಅಂತಲೇ ಶುರು ಮಾಡುತ್ತಿದ್ದೆ. ಜಗಳ ಆಡುವ ಸಲಿಗೆ ಹತ್ತಿರದವರ ಜೊತೆ ಮಾತ್ರ ಇರುತ್ತದೆ, ಅಲ್ವಾ? ಒಂದು ಮಳೆಗಾಲ ಪೂರ್ತಿ ಹಾಗೇ ಹೋಯಿತು. ಕೋಪ ಯಾವತ್ತು ಇಳಿಯಿತೋ ನೆನಪಿಲ್ಲ. ಮೊದಲಿನ ಆ ಕಣ್ಣೀರು ಮಾತ್ರ ವಾಪಸ್ ಬರಲಿಲ್ಲ. ಈಗ ಇರುವುದು ಬೇರೆ ಥರ. ಸಂಸಾರ ಮಾಡಿ ಮುದುಕರಾದ ಗಂಡ ಹೆಂಡತಿ ಸಂಜೆ ಹೊತ್ತು ಮಾತಿಲ್ಲದೆ ಒಂದೇ ಜಗಲಿಯಲ್ಲಿ ಕೂತಿರುತ್ತಾರಲ್ಲ, ಆ ಥರ.

ಮಂಗಳೂರಿನ ಕಥೋಲಿಕ ಗೃಹಿಣಿ:

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ನಾನು ಬೆಚ್ಚಿಬಿದ್ದಿದ್ದೆ. ಸುಮಾರು 50 ವರ್ಷ ಅವರ ಒಳಗೆ ಇದೇ ಒಣಗು, ಇದೇ ಕತ್ತಲೆ. ಆದರೂ ಪ್ರಾರ್ಥನೆಗೆ ಕೂರುವುದನ್ನು ಬಿಡಲಿಲ್ಲ. ಅವರ ಸಿಸ್ಟರ್‌ಗಳ ಪ್ರಾರ್ಥನಾಲಯಗಳಲ್ಲಿ ಶಿಲುಬೆಯ ಪಕ್ಕ ಯೇಸುಸ್ವಾಮಿಯ ಒಂದು ಮಾತು ಬರೆದಿರುತ್ತದೆ, ನನಗೆ ದಾಹವಾಗಿದೆ ಅಂತ. ನಾವು ಆತನಿಗಾಗಿ ಹಂಬಲಿಸುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆದರೆ ಬಾಯಾರಿ ಕಾಯುತ್ತಿರುವುದು ಆತನೇ. ನಿನ್ನ ಕಡೆಯ ಪ್ರೀತಿ ಕಡಿಮೆಯಾಗಿದೆ ಅನ್ನಿಸಿದ ದಿನವೂ ಆತನ ಕಡೆಯದು ಕಡಿಮೆಯಾಗಿರುವುದಿಲ್ಲಮ್ಮಾ.

ನಾನು ವಾರಕ್ಕೊಮ್ಮೆ ಚರ್ಚಿನಲ್ಲಿ ಪರಮಪ್ರಸಾದದ (ಯೇಸುವಿನ ದೇಹವೆಂದು ನಾವು ನಂಬುವ ರೊಟ್ಟಿಯ) ಮುಂದೆ ಅರ್ಧ ಗಂಟೆ ಕೂರುತ್ತೇನೆ. ಎಷ್ಟೋ ಸಲ ಜಪಸರ ಕೈಯಲ್ಲೇ ಇರುತ್ತದೆ, ನಿದ್ದೆ ಬಂದುಬಿಡುತ್ತದೆ. ಫ್ರಾನ್ಸಿನ ಲಿಸಿಯದ ಸನ್ಯಾಸಿನಿ ಸಂತ ತೆರೇಸಾ ಅವರಿಗೂ ಹೀಗೇ ಆಗುತ್ತಿತ್ತು. ಮಕ್ಕಳು ಎಚ್ಚರವಿದ್ದಾಗ ಎಷ್ಟು ಮುದ್ದೋ ಮಲಗಿದ್ದಾಗಲೂ ತಂದೆತಾಯಿಗೆ ಅಷ್ಟೇ ಮುದ್ದು ಅಂತ ಅವರು ಬರೆದಿಟ್ಟಿದ್ದಾರೆ. 1897ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 24 ವರ್ಷ.

ಧಾರವಾಡದಿಂದ:

ತಂಗಿ, ನನ್ನ ತೊಡಕು ಬೇರೆ ಇತ್ತು. ಕ್ರಿಸ್ತನು ಮದಲಿಂಗ, ಸಭೆ ಮದಲಗಿತ್ತಿ ಅಂತ ಸತ್ಯವೇದದಲ್ಲಿ ಬಂದಾಗಲೆಲ್ಲ ಗಂಡಸಾದ ನನಗೆ ಅದು ಒಗ್ಗುತ್ತಿರಲಿಲ್ಲ. ಅದರಲ್ಲಿರುವ ಪ್ರೇಮಗೀತೆಗಳ ಪುಸ್ತಕ ಪರಮಗೀತವನ್ನು ಹಾರಿಸಿಯೇ ಓದುತ್ತಿದ್ದೆ. ಒಂದು ದಿನ ಪಕ್ಕದ ಮನೆಯ ಲಿಂಗಾಯತ ಹಿರಿಯರು ಮಾತಿನ ಮಧ್ಯೆ, ಶರಣ ಸತಿ ಲಿಂಗ ಪತಿ ಅಂದ ಮೇಲೆ ಗಂಡಸರೂ ಸತಿಯೇ ಅಲ್ಲೇನ್ರಿ ಅಂದರು. ಅವರ ನಂಬಿಕೆ ಬೇರೆ, ನನ್ನದು ಬೇರೆ. ಆದರೆ ನಾಚಿಕೆ ಅವತ್ತೇ ಬಿಟ್ಟುಹೋಯಿತು. ಆಮೇಲೆ ಗೊತ್ತಾಯಿತು, ಬಸವಣ್ಣನವರ ಆ 12ನೇ ಶತಮಾನದಲ್ಲೇ ಫ್ರಾನ್ಸಿನಲ್ಲಿ ಬರ್ನಾರ್ಡ್ ಅನ್ನುವ ಸನ್ಯಾಸಿ ಪರಮಗೀತದ ಮೇಲೆ 18 ವರ್ಷದಲ್ಲಿ 86 ಉಪದೇಶ ಬರೆದರಂತೆ. ಮೂರನೇ ಅಧ್ಯಾಯದ ಶುರುವಿಗೆ ಬರುವಷ್ಟರಲ್ಲಿ 1153ರಲ್ಲಿ ತೀರಿಕೊಂಡರು. ಒಂದೊಂದು ಸಾಲಿನಲ್ಲಿ ಅಷ್ಟು ಹೊತ್ತು ನಿಂತಿದ್ದಾರೆ.

ನೀವು ಪರಮಗೀತದ ಐದನೇ ಅಧ್ಯಾಯ ಓದಿ. ಪ್ರಿಯನು ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಕಾಲು ತೊಳೆದು ಮಲಗಿದ್ದೇನೆ, ಹೇಗೆ ಏಳಲಿ ಅಂತ ಆಕೆ ತಡಮಾಡುತ್ತಾಳೆ. ಬಾಗಿಲು ತೆರೆದರೆ ಆತನಿಲ್ಲ. ಆಮೇಲೆ ಊರೆಲ್ಲ ಹುಡುಕುತ್ತಾಳೆ. ಪ್ರೀತಿ ಇಲ್ಲದವರು ಹಾಗೆ ಹುಡುಕುವುದಿಲ್ಲ. ಇಲ್ಲಿ ಬಂದು ಈ ಪ್ರಶ್ನೆ ಕೇಳಿದ್ದೀರಲ್ಲ, ಇದೂ ಹುಡುಕಾಟವೇ.

ದಾವಣಗೆರೆಯಿಂದ:

ನಾನು ಜಾಸ್ತಿ ಓದಿದವಳಲ್ಲ. ರೊಟ್ಟಿ ತಟ್ಟುವಾಗ ಆತನ ಜೊತೆ ಮಾತಾಡುತ್ತೇನೆ. ಜೋಳ ತುಟ್ಟಿಯಾಗಿದ್ದು, ಮಗನಿಗೆ ಕೆಲಸ ಸಿಗದಿದ್ದು, ಎಲ್ಲ ಹೇಳುತ್ತೇನೆ. ಮೊಣಕಾಲೂರಿದಾಗ ಬರದ ಮಾತು ಒಲೆ ಮುಂದೆ ಬರುತ್ತದೆ.

ಮಸ್ಕತ್‌ನಿಂದ, 11 ವರ್ಷದಿಂದ ನರ್ಸ್:

ತಂಗಿ, ಮೊದಲು ಒಂದು ವಿಷಯ ನೋಡಿಕೋ. ಪ್ರಾರ್ಥನೆ ಮಾತ್ರ ಒಣಗಿದೆಯಾ, ಇಲ್ಲಾ ಊಟ, ಗೆಳತಿಯರು, ಊರಿನ ಫೋನು ಯಾವುದೂ ಬೇಡ ಅನ್ನಿಸುತ್ತಿದೆಯಾ? ನನಗೆ ಎಲ್ಲವೂ ಹಾಗಾಗಿತ್ತು. ನಂಬಿಕೆ ಕಡಿಮೆಯಾಗಿದೆ ಅಂತ ಉಪವಾಸದ ಮೇಲೆ ಉಪವಾಸ ಮಾಡಿದೆ. ಕೊನೆಗೆ ಡಾಕ್ಟರ್ ಹತ್ತಿರ ಹೋದರೆ ರಕ್ತ ತೀರಾ ಕಡಿಮೆ ಇತ್ತು, ನಿದ್ದೆಯಂತೂ ಇರಲೇ ಇಲ್ಲ. ತಿಂಗಳಲ್ಲಿ ಅರ್ಧದಷ್ಟು ದಿನ ನೈಟ್ ಡ್ಯೂಟಿ. ದೇಹ ಬಸವಳಿದಾಗ ಮನಸ್ಸೂ ಮರಗಟ್ಟುತ್ತದೆ. ಅದಕ್ಕೆ ಔಷಧಿ ತೆಗೆದುಕೊಂಡರೆ ಯೇಸುವಿಗೆ ಅವಮಾನ ಆಗುವುದಿಲ್ಲ. ದಯವಿಟ್ಟು ಒಮ್ಮೆ ತೋರಿಸಿಕೋ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯೋಹಾನನ ಸುವಾರ್ತೆಯ 21ನೇ ಅಧ್ಯಾಯ. ಶಿಷ್ಯರು ರಾತ್ರಿಯಿಡೀ ದೋಣಿಯಲ್ಲಿ ದುಡಿದಿದ್ದಾರೆ, ಒಂದು ಮೀನೂ ಸಿಕ್ಕಿಲ್ಲ. ನಮ್ಮ ಹಾಗೇ ನೈಟ್ ಡ್ಯೂಟಿ. ಬೆಳಗಾದಾಗ ಯೇಸು ದಡದಲ್ಲಿ ನಿಂತಿದ್ದಾನೆ. ಏನಾದರೂ ಸಿಕ್ಕಿತಾ ಅಂತ ಕೇಳುತ್ತಾನೆ. ಇಲ್ಲ ಅನ್ನುತ್ತಾರೆ, ಅಷ್ಟೇ. ಆತನು ಹೇಳಿದ ಕಡೆ ಬಲೆ ಬೀಸಿದಾಗ 153 ಮೀನು ಸಿಕ್ಕವು, ಅದು ಎಲ್ಲರಿಗೂ ಗೊತ್ತು. ನನಗೆ ಕಂಡದ್ದು ಬೇರೆ. ಅವರು ದಡಕ್ಕೆ ಬರುವ ಮೊದಲೇ ಅಲ್ಲಿ ಕೆಂಡ ಇತ್ತು, ಅದರ ಮೇಲೆ ಮೀನಿತ್ತು, ರೊಟ್ಟಿಯೂ ಇತ್ತು. ಅವರು ಹಿಡಿದು ತರಲಿ ಅಂತ ಆತನು ಕಾಯಲಿಲ್ಲ. ಆ ಶಿಷ್ಯರಲ್ಲಿ ಒಬ್ಬನಾದ ಪೇತ್ರ, ಯೇಸುವನ್ನು ಬಂಧಿಸಿದ ರಾತ್ರಿ, ಆತನನ್ನು ಗೊತ್ತೇ ಇಲ್ಲ ಅಂದದ್ದೂ ಇಂಥದೇ ಕೆಂಡದ ಬೆಂಕಿಯ ಪಕ್ಕದಲ್ಲಿ. ಆ ಪೇತ್ರನನ್ನೂ ಕೂರಿಸಿ, ಮೊದಲು ಬಡಿಸಿದನು. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ್ದು ಊಟ ಆದ ಮೇಲೆ.

ನಾನು ಡ್ಯೂಟಿ ಮುಗಿಸಿ ರೂಮಿಗೆ ಬಂದು ತಿಂಡಿಗೆ ಕೂತಾಗ ಈಗಲೂ ಅದನ್ನೇ ನೆನೆಯುತ್ತೇನೆ. ಉದ್ದ ಪ್ರಾರ್ಥನೆ ಮಾಡುವುದಿಲ್ಲ. ಎದುರಿಗೆ ಆತನು ಕೂತಿದ್ದಾನೆ ಅಂದುಕೊಂಡು ತಿನ್ನುತ್ತೇನೆ.

ಬೀದರ್‌ನವಳು:

ಎಲ್ಲರದ್ದೂ ಎರಡೆರಡು ಸಲ ಓದಿದೆ. ಮಸ್ಕತ್ ಅಕ್ಕ, ನನಗೂ ಎಲ್ಲವೂ ಬೇಡ ಅನ್ನಿಸುತ್ತಿದೆ. ಶುಕ್ರವಾರ ಡಾಕ್ಟರ್‌ಗೆ ತೋರಿಸುತ್ತೇನೆ. ಇವತ್ತು ಬೆಳಗ್ಗೆ ಹಾಸ್ಟೆಲ್‌ಗೆ ಬಂದು ಇಡ್ಲಿ ಮುಂದಿಟ್ಟುಕೊಂಡು, ರಾತ್ರಿಯೆಲ್ಲ ಏನೂ ಸಿಗಲಿಲ್ಲ ಸ್ವಾಮಿ ಅಂದೆ. ಅಷ್ಟೇ ಹೇಳಿದೆ. ಕಣ್ಣೀರು ಬರಲಿಲ್ಲ. ಇಡ್ಲಿ ತಿಂದು ಮಲಗಿದೆ. ಉಡುಪಿ ಟೀಚರಮ್ಮಾ, ರೂಮ್‌ಮೇಟ್ ನಾಳೆ ಊರಿಗೆ ಹೋಗುತ್ತಾಳೆ. 88ನ್ನು ಜೋರಾಗಿ ಓದುತ್ತೇನೆ.