ಕ್ಯಾಲಿಯೋಪಿಯ ಚಂದ್ರ ಲೈನಸ್: ಲೆಕ್ಕ ಎಲ್ಲಿ ತಪ್ಪಿತು?

ಧ್ರುವಬಿಂದು: ಲೈನಸ್ 22 ಕ್ಯಾಲಿಯೋಪಿ ಎಂಬ ಕ್ಷುದ್ರಗ್ರಹದಿಂದ 1100 ಕಿ.ಮೀ. ದೂರದಲ್ಲಿದ್ದು, 3.6 ದಿನಕ್ಕೊಂದು ಸುತ್ತು ಹಾಕುತ್ತದೆ. ಕೆಪ್ಲರನ ಮೂರನೇ ನಿಯಮಕ್ಕೆ (ದೂರದ ಘನ, ಸುತ್ತುವ ಕಾಲದ ವರ್ಗ ಇವುಗಳಿಂದ ದ್ರವ್ಯರಾಶಿ ಕೊಡುವ ಸೂತ್ರ) ಹಾಕಿದರೆ ಕ್ಯಾಲಿಯೋಪಿಯ ದ್ರವ್ಯರಾಶಿ ಬರೀ 8.1 × 10⁹ ಕೆ.ಜಿ. ಬರ್ತಿದೆ. ಇಷ್ಟು ಹಗುರ ಹೇಗೆ ಸಾಧ್ಯ? ಸಾಂದ್ರತೆಯೂ ಘನ ಸೆಂ.ಮೀ.ಗೆ ಒಂದು ಕಡೆ 2.4 ಗ್ರಾಂ, ಇನ್ನೊಂದು ಕಡೆ 4.4 ಗ್ರಾಂ ಅಂತಿದೆ. ಯಾವುದನ್ನು ನಂಬೋದು?

ದೀರ್ಘಾಕ್ಷ: ನೀವು ಕಿ.ಮೀ.ಯನ್ನು ಮೀಟರಿಗೆ ತಂದಿಲ್ಲ, ಅಷ್ಟೇ. ಘನ ತೆಗೆಯುವಾಗ ಸಾವಿರಪಟ್ಟಿನ ತಪ್ಪು ನೂರು ಕೋಟಿ ಪಟ್ಟಾಗುತ್ತೆ.

1.1 × 10⁶ ಮೀಟರಿನ ಘನ 1.331 × 10¹⁸. ಅದನ್ನು 39.48ರಿಂದ (ಪೈ ವರ್ಗದ ನಾಲ್ಕರಷ್ಟು) ಗುಣಿಸಿದರೆ 5.25 × 10¹⁹. 3.6 ದಿನ ಅಂದರೆ 3,11,040 ಸೆಕೆಂಡ್. ಅದರ ವರ್ಗವನ್ನು ಗುರುತ್ವ ಸ್ಥಿರಾಂಕ 6.674 × 10⁻¹¹ರಿಂದ ಗುಣಿಸಿದರೆ 6.46. ಭಾಗಿಸಿ: 8.1 × 10¹⁸ ಕೆ.ಜಿ. ಇದು ಇಬ್ಬರದೂ ಸೇರಿದ ಮೊತ್ತ. ಆದರೆ ಲೈನಸ್ಸಿನ ವ್ಯಾಸ ಸುಮಾರು 28 ಕಿ.ಮೀ. ಮಾತ್ರ, ಅದರ ಪಾಲು ನೂರಕ್ಕೆ ಒಂದೂ ಇಲ್ಲ.

ಸಾಂದ್ರತೆಯ ಜಗಳ ದ್ರವ್ಯರಾಶಿಯದ್ದಲ್ಲ, ವ್ಯಾಸದ್ದು. ಇದೇ ದ್ರವ್ಯರಾಶಿಗೆ ಹಳೆಯ ಐರಾಸ್ ಉಪಗ್ರಹ ಅಳೆದುಕೊಟ್ಟ 181 ಕಿ.ಮೀ. ವ್ಯಾಸ ಹಾಕಿದರೆ 2.6 ಬರುತ್ತೆ, 150 ಹಾಕಿದರೆ 4.6. ಚಿಲಿಯ ವಿಎಲ್‌ಟಿ ದೂರದರ್ಶಕದ ಚಿತ್ರಗಳಿಂದ 2022ರಲ್ಲಿ ಬಂದದ್ದು 150 ಕಿ.ಮೀ., 4.4 ಗ್ರಾಂ (ಅವರ ದ್ರವ್ಯರಾಶಿ ನಮ್ಮದಕ್ಕಿಂತ ತುಸು ಕಡಿಮೆ). ಅದನ್ನೇ ಇಟ್ಟುಕೊಳ್ಳಿ. ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕಿ ಎಂಟುಪಟ್ಟು ಎಡವುವವರೂ ಕಡಿಮೆ ಇಲ್ಲ, ಹುಷಾರು.

ಧ್ರುವಬಿಂದು: ಸರಿಹೋಯ್ತು, ಧನ್ಯವಾದ. 8 ಇಂಚಿನ ದೂರದರ್ಶಕದಲ್ಲಿ ಲೈನಸ್ ಸಿಗುತ್ತಾ?

ಮಂದಕಾಂತಿ: ಬಿಡಿಯಾಗಿ ಕಾಣೋದಿಲ್ಲ. 1.9 ಖಗೋಳಮಾನ (ಭೂಮಿ-ಸೂರ್ಯರ ದೂರದ 1.9 ಪಟ್ಟು) ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು) ಅಂದರೆ ಸುಮಾರು 1380 ಕಿ.ಮೀ. ಹಾಗಾಗಿ ಲೈನಸ್ ಹೆಚ್ಚೆಂದರೆ 0.8 ಆರ್ಕ್‌ಸೆಕೆಂಡ್ ಆಚೆ ಇರುತ್ತೆ, ಮೇಲಾಗಿ ಮೂವತ್ತು ಪಟ್ಟು ಮಂಕು. ನಮ್ಮ ವಾತಾವರಣದ ಕಲಕಾಟವೇ ಅದನ್ನು ನುಂಗಿಬಿಡುತ್ತೆ. 2001ರಲ್ಲಿ ಅದು ಸಿಕ್ಕಿದ್ದು ದೊಡ್ಡ ದೂರದರ್ಶಕಕ್ಕೆ, ಅದೂ ಆ ಕಲಕಾಟವನ್ನು ಕ್ಷಣಕ್ಷಣಕ್ಕೂ ಸರಿಪಡಿಸುವ ಅಡಾಪ್ಟಿವ್ ಆಪ್ಟಿಕ್ಸ್ ಇದ್ದದ್ದರಿಂದ.

ನಿಮಗಿರುವ ದಾರಿ ಗ್ರಹಣ, ಅಂದರೆ ಕ್ಯಾಲಿಯೋಪಿ, ಲೈನಸ್ ಒಂದನ್ನೊಂದು ಮರೆಮಾಡುವ ಹೊತ್ತು. ಲೈನಸ್ಸಿನ ಕಕ್ಷೆಯ ಅಂಚು ನಮ್ಮತ್ತ ಅಥವಾ ಸೂರ್ಯನತ್ತ ತಿರುಗುವ ಋತು ಹೆಚ್ಚುಕಡಿಮೆ ಎರಡೂವರೆ ವರ್ಷಕ್ಕೊಮ್ಮೆ ಬರುತ್ತೆ. ಆಗಲೂ ಲೈನಸ್ ಪೂರ್ತಿ ಮರೆಯಾದರೆ ಬೆಳಕು ಇಳಿಯೋದು 0.04 ಮ್ಯಾಗ್ನಿಟ್ಯೂಡಿಗೂ (ಹೊಳಪಿನ ಅಳತೆ) ಕಡಿಮೆ. ಅಳತೆಯ ದೋಷ 0.01ರೊಳಗೆ ಇಲ್ಲದಿದ್ದರೆ ಶ್ರಮ ದಂಡ. ಕ್ಯಾಲಿಯೋಪಿಯೇ 4.15 ಗಂಟೆಗೊಮ್ಮೆ ತಿರುಗುತ್ತಾ ಇದಕ್ಕಿಂತ ಎಷ್ಟೋ ದೊಡ್ಡ ಏರಿಳಿತ ತೋರಿಸುತ್ತೆ. ಹಿಂದುಮುಂದಿನ ಗ್ರಹಣವಿಲ್ಲದ ರಾತ್ರಿಗಳಲ್ಲಿ ಆ ಏರಿಳಿತದ ರೇಖೆಯನ್ನು ತೆಗೆದಿಟ್ಟುಕೊಂಡು ಕಳೆಯಬೇಕು. ತಿಂಗಳ ಹಿಂದಿನದು ನಡೆಯಲ್ಲ, ಬೆಳಕು ಬೀಳುವ ಕೋನ ಬದಲಾಗಿ ರೇಖೆಯ ಆಕಾರವೇ ಬೇರೆಯಾಗಿರುತ್ತೆ.

ದೀರ್ಘಾಕ್ಷ: ಇವು ಯಾವುದಾದರೂ ನಕ್ಷತ್ರವನ್ನು ಮರೆಮಾಡುವ ಘಟನೆಗಳನ್ನೂ ಗಮನದಲ್ಲಿಡಿ. 2006ರ ನವೆಂಬರಿನಲ್ಲಿ ಜಪಾನಿನ ವೀಕ್ಷಕರಿಗೆ ನಕ್ಷತ್ರದ ಬೆಳಕಿನಲ್ಲಿ ಬಿದ್ದ ಲೈನಸ್ಸಿನ ನೆರಳೇ ಸಿಕ್ಕಿತ್ತು. ಕ್ಯಾಲಿಯೋಪಿಯ ನೆರಳಿನ ದಾರಿಯಿಂದ ನೂರಾರು ಕಿ.ಮೀ. ಆಚೆ ಇರುವವರೂ ಕ್ಯಾಮೆರಾ ಹಚ್ಚಿಡಬೇಕು. ಚಂದ್ರ ಸಿಗೋದು ಅಲ್ಲೇ.