ಮಕ್ಕಳ ಬೆಟ್ಟದ ರಜೆ: ಅಕ್ಕನ ಪ್ರಶ್ನೆಗೆ ನನ್ನ ಉದ್ದ ಉತ್ತರ

ಅಕ್ಕಾ, ನಿನ್ನ ಮೆಸೇಜ್ ಈಗ ನೋಡಿದೆ. ಇದು ಎರಡು ಸಾಲಲ್ಲಿ ಮುಗಿಯುವ ವಿಷಯ ಅಲ್ಲ. ಕೆಲಸ ಮಾಡುತ್ತಲೇ ಕೇಳಿಸಿಕೊ, ಸ್ವಲ್ಪ ಉದ್ದ ಆಗುತ್ತದೆ.

ಗ್ರೂಪಿನಲ್ಲಿ ಉಳಿದವರಿಗೂ ಗೊತ್ತಾಗಲಿ ಅಂತ ನೀನು ಕೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ. ರಜೆಗೆ ಒಂದು ವಾರ ಬೆಟ್ಟದ ಕಡೆ ಹೊರಟಿದ್ದೀರಿ. ಮಗಳಿಗೆ 11, ಮಗನಿಗೆ 15. ಅಲ್ಲಿನವರು ಕಳಿಸಿದ ಪಟ್ಟಿಯಲ್ಲಿ ಜಿಪ್‌ಲೈನ್ (ತಂತಿಗೆ ತೂಗಿಕೊಂಡು ಜಾರುವುದು), ರಾಫ್ಟಿಂಗ್ (ರಭಸದ ನದಿಯಲ್ಲಿ ರಬ್ಬರ್ ದೋಣಿ), ಬಂಡೆ ಹತ್ತುವ ವಿಯಾ ಫೆರಾಟಾ, ಮೌಂಟನ್ ಬೈಕ್ (ಬೆಟ್ಟದ ಸೈಕಲ್), ಪ್ಯಾರಾಗ್ಲೈಡಿಂಗ್ (ಬಟ್ಟೆಯ ರೆಕ್ಕೆಗೆ ತೂಗಿಕೊಂಡು ಹಾರುವುದು) ಎಲ್ಲ ಇದೆ. ಒಂದೊಂದರ ಮುಂದೆ '8 ವರ್ಷ ಮೇಲ್ಪಟ್ಟವರಿಗೆ', '12 ವರ್ಷ ಮೇಲ್ಪಟ್ಟವರಿಗೆ' ಅಂತ ಹಾಕಿದ್ದಾರೆ. ಯಾವುದಕ್ಕೆ ಕಳಿಸಲಿ, ಯಾವುದು ಬೇಡ ಅಂತ ನಿನ್ನ ಪ್ರಶ್ನೆ. ಅದರ ಕೆಳಗೇ ಚಿಕ್ಕಪ್ಪ, 'ಇದೆಲ್ಲ ಯಾಕೆ, ಸುಮ್ನೆ ನಡೆದಾಡಿ ಬನ್ನಿ' ಅಂದಿದ್ದಾರೆ. ಚಿಕ್ಕಪ್ಪನ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಇಬ್ಬರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸು. ವಯಸ್ಸಿನ ಮಿತಿ ಮೀರು ಅಂತ ಹೇಳುತ್ತಿಲ್ಲ. ಆದರೆ ವಯಸ್ಸು ಸರಿ ಇದ್ದರೆ ಎಲ್ಲ ಸರಿ ಅಂದುಕೊಳ್ಳಬೇಡ. ಹಗ್ಗಕ್ಕೆ, ಬೆಲ್ಟಿಗೆ, ಕೊಕ್ಕೆಗೆ ಮಗು ಹುಟ್ಟಿದ ವರ್ಷ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತೂಕ ಒಂದೇ.

ವಿಯಾ ಫೆರಾಟಾ ತಗೋ. ಬಂಡೆಗೆ ಉದ್ದಕ್ಕೂ ಉಕ್ಕಿನ ಹಗ್ಗ ಬಿಗಿದಿರುತ್ತಾರೆ, ಕಬ್ಬಿಣದ ಮೆಟ್ಟಿಲು ಹೊಡೆದಿರುತ್ತಾರೆ. ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಲ್ಲಿ ಮೊದಲನೇ ಮಹಾಯುದ್ಧದ ಸೈನಿಕರು ಹೀಗೇ ದಾರಿ ಮಾಡಿಕೊಂಡಿದ್ದರು. ಹತ್ತುವವರ ಸೊಂಟದಿಂದ ಎರಡು ಕೊಕ್ಕೆ ಹೊರಡುತ್ತವೆ. ಒಂದನ್ನು ಬಿಚ್ಚಿ ಮುಂದೆ ಹಾಕುವಾಗ ಇನ್ನೊಂದು ಹಗ್ಗದಲ್ಲೇ ಇರಬೇಕು. ಆ ಕೊಕ್ಕೆಗಳ ಬುಡದಲ್ಲಿ ಒಂದು ಪುಟ್ಟ ಚೀಲ ಇರುತ್ತದೆ, ಒಳಗೆ ಮಡಿಚಿ ಹೊಲಿದ ಪಟ್ಟಿ. ಬಿದ್ದರೆ ಆ ಹೊಲಿಗೆ ಸರಸರ ಬಿಚ್ಚಿಕೊಂಡು ಜಗ್ಗಿನ ಹೊಡೆತವನ್ನು ತಾನು ತಿನ್ನುತ್ತದೆ. ಜಾಣತನದ ಉಪಾಯ. ಆದರೆ ಯುರೋಪಿನ ಮಾನದಂಡದ ಪ್ರಕಾರ ಇದನ್ನು ಮಾಡುವುದೇ 40ರಿಂದ 120 ಕಿಲೋ ತೂಗುವವರಿಗೆ. ಅದಕ್ಕಿಂತ ಹಗುರ ಇರುವ ಮಗು ಬಿದ್ದರೆ ಹೊಲಿಗೆ ಬೇಕಾದಷ್ಟು ಬಿಚ್ಚಿಕೊಳ್ಳುವುದಿಲ್ಲ, ಜಗ್ಗು ಮೈಗೇ ಬಡಿಯುತ್ತದೆ. ನಿನ್ನ ಮಗಳು 40 ಕಿಲೋ ಮುಟ್ಟಿಲ್ಲ ಅಂದರೆ ಆ ಎರಡು ಕೊಕ್ಕೆ ಸಾಲದು. ಮೇಲಿನಿಂದ ಗೈಡ್ ಬೇರೆ ಹಗ್ಗ ಹಿಡಿದಿರಬೇಕು. 'ನಿಮ್ಮಲ್ಲಿ 40 ಕಿಲೋಗಿಂತ ಹಗುರ ಇರುವ ಮಕ್ಕಳಿಗೆ ಏನು ಮಾಡುತ್ತೀರಿ?' ಅಂತ ಒಂದೇ ಪ್ರಶ್ನೆ ಕೇಳು. 'ಏನೂ ಆಗಲ್ಲ, ಎಷ್ಟೋ ಮಕ್ಕಳು ಬರುತ್ತಾರೆ' ಅನ್ನುವವರ ಹತ್ತಿರ ಕಳಿಸಬೇಡ.

ಜಿಪ್‌ಲೈನ್‌ನಲ್ಲಿ ಹಗುರ ಇರುವವರ ಕಷ್ಟ ಬೇರೆ. ಎದುರು ಗಾಳಿ ಇದ್ದರೆ ಹಗುರ ಮಗು ಆ ತುದಿ ಮುಟ್ಟುವುದೇ ಇಲ್ಲ. ನಡುದಾರಿಯಲ್ಲಿ ನಿಂತು ಸ್ವಲ್ಪ ಹಿಂದಕ್ಕೂ ಜಾರುತ್ತದೆ. ಆಮೇಲೆ ಯಾರೋ ತಂತಿ ಮೇಲೆ ಹೋಗಿ ಎಳೆದು ತರಬೇಕು. ಅಪಾಯ ಕಮ್ಮಿ, ಆದರೆ ಕಾಲ ಕೆಳಗೆ ಪ್ರಪಾತ ನೋಡುತ್ತಾ ತೂಗಾಡಿದ ಮಗು ಉಳಿದ ರಜೆ ಪೂರ್ತಿ ಎತ್ತರದ ಹತ್ತಿರ ಬರುವುದಿಲ್ಲ.

ಹಾರ್ನೆಸ್ ಅನ್ನು, ಅಂದರೆ ಹಗ್ಗಕ್ಕೆ ಸಿಕ್ಕಿಸಲು ಮೈಗೆ ಕಟ್ಟುವ ಪಟ್ಟಿಗಳನ್ನು, ನೀನೇ ಕಣ್ಣಾರೆ ನೋಡು. ಚಿಕ್ಕ ಮಕ್ಕಳಿಗೆ ಸೊಂಟ ಇನ್ನೂ ಮೂಡಿರುವುದಿಲ್ಲ, ಮೈಗೆ ಹೋಲಿಸಿದರೆ ತಲೆ ಭಾರ. ಬರೀ ಸೊಂಟದ ಪಟ್ಟಿ ಹಾಕಿದರೆ ತಲೆಕೆಳಗಾಗಿ ಜಾರಿಬಿಡುವ ಸಾಧ್ಯತೆ ಇದೆ. ಅದಕ್ಕೇ ಅವರಿಗೆ ಭುಜದ ಮೇಲಿಂದ ಬರುವ ಪೂರ್ತಿ ಮೈ ಹಾರ್ನೆಸ್. ಮಗಳ ಸೊಂಟದ ಪಟ್ಟಿಯನ್ನು ಕೆಳಕ್ಕೆ ಜೋರಾಗಿ ಎಳೆದು ನೋಡು. ಸೊಂಟದ ಮೂಳೆ ದಾಟಿ ಜಾರಿದರೆ ಅದು ಅವಳಿಗಲ್ಲ. ದೊಡ್ಡವರ ಹಾರ್ನೆಸ್ಸನ್ನೇ ಇನ್ನೊಂದು ಸುತ್ತು ಬಿಗಿದು 'ಆಯ್ತು' ಅಂದರೆ ಒಪ್ಪಬೇಡ. ಹೆಲ್ಮೆಟ್ ಕೂಡ ಅಷ್ಟೇ. ಸೈಕಲ್ಲಿನದು ಬಂಡೆಗೆ ಬೇಡ. ಬಂಡೆಯ ಹೆಲ್ಮೆಟ್ ಮೇಲಿನಿಂದ ಬೀಳುವ ಕಲ್ಲಿಗೆ ಅಂತ ಮಾಡಿದ್ದು. ಮಗಳ ಜುಟ್ಟನ್ನು ಕೆಳಗೆ, ಕತ್ತಿನ ಹತ್ತಿರ ಕಟ್ಟು. ನೆತ್ತಿ ಮೇಲೆ ಗಂಟು ಹಾಕಿದರೆ ಹೆಲ್ಮೆಟ್ ಹಿಂದಕ್ಕೆ ವಾಲಿ ಹಣೆ ಬಯಲಾಗುತ್ತದೆ.

ಮುಂದೆ ಯಾವತ್ತಾದರೂ ಹಿಮದ ಕಡೆ ಹೋದರೂ ಇದೇ ಕಥೆ. ಹಿಮದ ಮೇಲೆ ಜಾರಲು ಕಾಲಿಗೆ ಹಾಕುವ ಉದ್ದನೆಯ ಸ್ಕೀ ಪಟ್ಟಿ ಬೂಟಿನಿಂದ ಯಾವಾಗ ಕಳಚಿಕೊಳ್ಳಬೇಕು ಅನ್ನುವುದನ್ನು ತೂಕ, ಎತ್ತರ, ಬೂಟಿನ ಉದ್ದ, ಸ್ಕೀ ಮಾಡಲು ಎಷ್ಟು ಬರುತ್ತದೆ ಅನ್ನುವುದರ ಮೇಲೆ ಅಳೆದು ಹೊಂದಿಸುತ್ತಾರೆ. ತಪ್ಪು ಲೆಕ್ಕ ಕೊಟ್ಟರೆ ಬಿದ್ದಾಗ ಪಟ್ಟಿ ಕಳಚುವುದಿಲ್ಲ, ಕಾಲು ತಿರುಚಿಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ ಅಕ್ಕಾ. ಹದಿಹರೆಯದ ಮಕ್ಕಳು ಹತ್ತು ಜನರ ಎದುರು ತೂಕ ಹೇಳುವುದಿಲ್ಲ. ಕೌಂಟರಿನವನು ಜೋರಾಗಿ 'ಎಷ್ಟು ಕಿಲೋ?' ಅಂದರೆ ಒಬ್ಬರು ಕಮ್ಮಿ ಹೇಳುತ್ತಾರೆ, ಸಣಕಲು ಹುಡುಗ ಜಾಸ್ತಿ ಹೇಳುತ್ತಾನೆ. ಹಿಂದೆ ಸ್ನೇಹಿತರು ನಿಂತಿರುತ್ತಾರೆ ಅಲ್ವಾ. ಅದಕ್ಕೇ ಮನೆಯಲ್ಲೇ ತೂಕ ನೋಡಿ ಒಂದು ಚೀಟಿಯಲ್ಲಿ ಬರೆದು, ನೀನೇ ಸುಮ್ಮನೆ ಅವರ ಕೈಗೆ ಕೊಡು.

ರಾಫ್ಟಿಂಗ್‌ಗೆ ಬಂದರೆ, ನದಿಯ ರಭಸವನ್ನು 1ರಿಂದ 6ರವರೆಗೆ ದರ್ಜೆ ಮಾಡಿದ್ದಾರೆ. ಮೊದಲ ಸಲ ಹೋಗುವ ನಿನ್ನ ಮಗಳಿಗೆ 1 ಅಥವಾ 2 ಧಾರಾಳ ಸಾಕು. ಮಗನಿಗೆ ಈಜು ಬರುತ್ತದೆ, ಒಳ್ಳೆ ಗೈಡ್ ಇದ್ದರೆ 3ರವರೆಗೆ ಹೋಗಲಿ. ಲೈಫ್ ಜಾಕೆಟ್ ಮೇಲೂ ತೂಕದ ಚೀಟಿ ಇರುತ್ತದೆ, ಓದು. ಹಾಕಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತು. ಗಲ್ಲ ದಾಟಿ ಕಿವಿಯವರೆಗೆ ಬಂದರೆ ನೀರಲ್ಲಿ ಜಾಕೆಟ್ ಮೇಲೆ, ಮಗು ಕೆಳಗೆ. ದೋಣಿಯಿಂದ ಬಿದ್ದರೆ ಅಂಗಾತ ತೇಲಬೇಕು, ಪಾದ ಮೇಲೆ, ಹರಿವಿನ ಕಡೆಗೆ. ಎದ್ದು ನಿಲ್ಲಲು ಹೋಗಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕಿಬಿಡುತ್ತದೆ. ಇದನ್ನು ಮಗನಿಗೆ ಹೇಳಿ ಬಿಡಬೇಡ, ನೆಲದ ಮೇಲೆ ಮಲಗಿಸಿ ಮಾಡಿಸು. ನಗುತ್ತಾನೆ, ನಗಲಿ.

ಬೆಟ್ಟದಲ್ಲಿ ಏನೇ ಮಾಡುವುದಿದ್ದರೂ ಬೆಳಿಗ್ಗೆ ಮುಗಿಸಿ. ಹಿಮ ಕರಗಿ ಬರುವ ಹೊಳೆಗಳು ಮಧ್ಯಾಹ್ನದ ಬಿಸಿಲಿಗೆ ಏರುತ್ತವೆ. ಬಿಸಿಗಾಳಿ ಮೇಲೇಳುವುದೂ ಆಗಲೇ, ಹಾಗಾಗಿ ಪ್ಯಾರಾಗ್ಲೈಡಿಂಗ್ ನಡುಹಗಲಲ್ಲಿ ಜಾಸ್ತಿ ಕುಲುಕುತ್ತದೆ. ಬೇಸಿಗೆಯ ಗುಡುಗು ಮಳೆಯೂ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೇ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ ಅಂತ ಲೆಕ್ಕ. ಉಕ್ಕಿನ ಹಗ್ಗ ಹಿಡಿದು ಬಂಡೆ ಮೇಲೆ ಇರಬಾರದ ಹೊತ್ತು ಅದು. ಕೊನೇ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯಬೇಕು. ಮಧ್ಯಾಹ್ನದ ಸ್ಲಾಟ್‌ಗೆ ರಿಯಾಯಿತಿ ಇದೆ ಅಂತ ಭಾವ ಬುಕ್ ಮಾಡಿಬಿಟ್ಟಾರು, ತಡೆ.

ಬೈಕ್ ಬಗ್ಗೆ ಒಂದೇ ಮಾತು. ಮಗಳು ಹ್ಯಾಂಡಲ್ ಹಿಡಿದಾಗ ಬೆರಳು ಬ್ರೇಕಿಗೆ ಸಲೀಸಾಗಿ ಮುಟ್ಟಬೇಕು. ಮುಟ್ಟದಿದ್ದರೆ ಬೈಕ್ ದೊಡ್ಡದು.

ಇನ್ನು ನಿನ್ನ ಮಗ. '13 ವರ್ಷದ ಪೂರ್ಣಾ ಎವರೆಸ್ಟ್ ಹತ್ತಿದಳು, ನನಗೆ 15' ಅಂತ ನಿನ್ನೆ ಗ್ರೂಪಿನಲ್ಲಿ ಹಾಕಿದ್ದ. ನಿಜ ಕಣೋ, ತೆಲಂಗಾಣದ ಮಾಲಾವತ್ ಪೂರ್ಣಾ 2014ರಲ್ಲಿ ಹತ್ತಿದ್ದಳು. ಹದಿನಾರರ ಒಳಗಿನವರಿಗೆ ನೇಪಾಳ ಅನುಮತಿ ಕೊಡುವುದಿಲ್ಲ ಅಂತ ಟಿಬೆಟ್ ಕಡೆಯಿಂದ ಹೋದಳು. ಆದರೆ ಅದಕ್ಕೂ ಮೊದಲು ಭೋನಗಿರಿಯ ಬಂಡೆ ಮೇಲೆ ಕಲಿತಳು, ಡಾರ್ಜಿಲಿಂಗ್‌ನಲ್ಲಿ ತರಬೇತಿ ಪಡೆದಳು, ಚಳಿಗಾಲದ ಲಡಾಖಿನಲ್ಲಿ ಅಭ್ಯಾಸ ಮಾಡಿದಳು. ನೀನೂ ಅವಳ ಹಾಗೆ ಮೊದಲು ಬಂಡೆ ಮೇಲೆ ಕಲಿಯುವುದರಿಂದ ಶುರು ಮಾಡು. ಅಕ್ಕಾ, ಈ ವಯಸ್ಸಿನವರಿಗೆ ಬಂಡೆಗಿಂತ ಜೊತೆಗಾರರ ಎದುರು ಹೆದರಿಕೆ ತೋರಿಸುವುದೇ ಕಷ್ಟ. ಹೊರಡುವ ಮೊದಲೇ ಅವನ ಜೊತೆ ಒಂದು ಸನ್ನೆ ಮಾತಾಡಿಕೊ. ಅವನು ಕಿವಿ ಹಿಡಿದುಕೊಂಡರೆ 'ನನಗೆ ತಲೆ ಸುತ್ತುತ್ತಿದೆ, ಇವನು ನನ್ನ ಜೊತೆ ಇರಲಿ' ಅಂತ ನೀನು ಹೇಳಬೇಕು. ಅವನ ಮರ್ಯಾದೆ ಉಳಿಯುತ್ತದೆ. ಮಗಳಿಗೆ ಅದೆಲ್ಲ ಬೇಕಿಲ್ಲ. ಬೇಡ ಅಂದರೆ ಬೇಡ ಅಂತಾಳೆ, ಅಲ್ಲಿಗೆ ನಿಲ್ಲಿಸಿಬಿಡು.

ಚಿಕ್ಕಪ್ಪಾ, ಈಗ ನಿಮ್ಮ ಮಾತು. ನಡಿಗೆಯನ್ನು ನಾನು ಬೇಡ ಅನ್ನುವುದಿಲ್ಲ. ಆದರೆ 15ರ ಹುಡುಗನ ಕೈಗೆ ಮ್ಯಾಪು, ದಿಕ್ಸೂಚಿ ಕೊಟ್ಟು 'ನೀನೇ ದಾರಿ ತೋರಿಸು' ಅನ್ನಿ, ಆಗ ನೋಡಿ. ಓರಿಯಂಟೀರಿಂಗ್ ಅಂತ ಸ್ಕಾಂಡಿನೇವಿಯಾ (ಸ್ವೀಡನ್, ನಾರ್ವೆ) ಕಡೆ ಅದೊಂದು ಆಟವೇ ಆಗಿದೆ. ನನ್ನ ಕೇಳಿದರೆ ಆ ಪಟ್ಟಿಯಲ್ಲಿರುವ ಎಲ್ಲದಕ್ಕಿಂತ ಇದು ಮೇಲು. ಆದರೆ ನಡಿಗೆ ಅಂದರೆ ಅಪಾಯವೇ ಇಲ್ಲ ಅಂತಲೂ ಅಲ್ಲ. 2,500 ಮೀಟರ್ ದಾಟಿದರೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು, ಗಟ್ಟಿಮುಟ್ಟು ಇದ್ದವರಿಗೂ. ದೊಡ್ಡವರು ತಲೆನೋವು ಅಂತ ಹೇಳುತ್ತಾರೆ. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ. ಊಟ ಬೇಡ ಅನ್ನುತ್ತವೆ, ಆಟ ಬಿಡುತ್ತವೆ, ರಾತ್ರಿ ರಚ್ಚೆ ಹಿಡಿಯುತ್ತವೆ. ಅದನ್ನು ಹಟ ಅಂತ ಬೈಯಬೇಡಿ. ಇನ್ನೂ ಮೇಲಕ್ಕೆ ಹೋಗದೆ ಅಲ್ಲೇ ನಿಲ್ಲಿ, ಕಮ್ಮಿ ಆಗದಿದ್ದರೆ ಕೆಳಗಿಳಿಯಿರಿ. 3,000 ಮೀಟರ್ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಬಿಸಿಲೂ ಅಷ್ಟೇ. ಸಾವಿರ ಮೀಟರ್ ಏರಿದರೆ ಚರ್ಮ ಸುಡುವ ಯುವಿ ಕಿರಣ ಸುಮಾರು ಶೇ. 10 ಹೆಚ್ಚುತ್ತದೆ, ಚಳಿ ಅಂತ ಗೊತ್ತೇ ಆಗುವುದಿಲ್ಲ.

ಅಕ್ಕಾ, ಎರಡು ವಿಷಯ ನನಗೆ ಕಳಿಸು, ಗ್ರೂಪಿನಲ್ಲಿ ಬೇಡ, ನನಗೆ ಮಾತ್ರ: ಮಕ್ಕಳ ತೂಕ, ಮತ್ತು ನೀವು ರಾತ್ರಿ ಉಳಿಯುವ ಜಾಗದ ಎತ್ತರ. ಪಟ್ಟಿಯಲ್ಲಿ ಯಾವುದನ್ನು ಹೊಡೆದುಹಾಕಬೇಕು ಅಂತ ಆಗ ಹೇಳುತ್ತೇನೆ. ಪ್ಯಾರಾಗ್ಲೈಡಿಂಗ್‌ಗೆ ಮಾತ್ರ ಈಗಲೇ ಮುಂಗಡ ಕಟ್ಟಬೇಡ. ಜೋಡಿ ಹಾರಾಟದಲ್ಲಿ ಪೈಲಟ್ ಮತ್ತು ಮಗು ಇಬ್ಬರದೂ ಸೇರಿ ತೂಕ ಆ ರೆಕ್ಕೆಗೆ ಹೊಂದಬೇಕು. ಗಾಳಿ ಹೇಗಿದೆ ಅಂತ ಅವತ್ತು ಬೆಳಿಗ್ಗೆಯೇ ಗೊತ್ತಾಗುವುದು.